ಮೇಣದ ಗಂಟಲು

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷದಿಂದ ಸ್ಪೇರ್ ಪಾರ್ಟ್ ಎತ್ತಿಕೊಡುತ್ತಿರುವವನು ನಾನು. ಯಾವ ಮೆಷಿನ್ನಿಗೆ ಯಾವ ಬೇರಿಂಗು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅಂಥ ನನಗೆ ಒಂದು ಮೇಣದ ಗಂಟಲು ಕೊಂಡು ಮಾತೆಯ ಮುಂದಿಟ್ಟು ಬರುವುದು ಯಾವ ಮಹಾ ಕೆಲಸ! ಬೆಳಗ್ಗೆ ಹೊರಟರೆ ಹನ್ನೊಂದಕ್ಕೆಲ್ಲ ಮನೆ ಎಂದು ಲೆಕ್ಕ ಹಾಕಿದ್ದೆ.

ಗಂಟಲು ಯಾಕೆ ಬೇಕಾಯಿತು ಎಂದು ಮೊದಲು ಹೇಳಬೇಕು. ನನ್ನ ಹೆಂಡತಿ ಪಂಕಜಳಿಗೆ ನಾಲ್ಕು ತಿಂಗಳ ಹಿಂದೆ ಥೈರಾಯ್ಡ್ ಗಡ್ಡೆಯ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೊತೆಗೆ ದನಿಯೂ ಹೋಯಿತು. ಕೆಲವರಿಗೆ ಹೀಗಾಗುವುದುಂಟು, ನಿಧಾನವಾಗಿ ಬರಬಹುದು, ಕಾಯಿರಿ ಎಂದರು ಡಾಕ್ಟರು. ಕಾಯುತ್ತಿದ್ದೇವೆ. ಈಗ ಅವಳ ಬಾಯಿಂದ ಬರುವುದು ಬರೀ ಉಸಿರು. ಹತ್ತಿರ ಹೋಗಿ ಕಿವಿ ಕೊಟ್ಟರೆ ಮಾತ್ರ ಮಾತು.

ಮೊದಲಿನ ದನಿ ಎಂಥದ್ದು! ಹೊಸಹಳ್ಳಿಯ ನಮ್ಮ ಎರಡನೇ ಮಹಡಿಯಿಂದ ಅವಳು "ರೀ" ಎಂದರೆ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ನನ್ನ ಜೊತೆ ಇನ್ನೂ ನಾಲ್ಕು ಗಂಡಂದಿರು ತಿರುಗಿ ನೋಡುತ್ತಿದ್ದರು. ಸೊಪ್ಪಿನವನು ನಮ್ಮ ಬೀದಿಯ ತಿರುವಿನಲ್ಲೇ ರೇಟು ಇಳಿಸಿಕೊಂಡು ಬರುತ್ತಿದ್ದ. ಈಗ ಅವಳು ನನ್ನನ್ನು ಕರೆಯಬೇಕೆಂದರೆ ಎರಡು ಸಲ ಚಪ್ಪಾಳೆ ತಟ್ಟುತ್ತಾಳೆ. ಸಾಯಂಕಾಲ ಬಾಗಿಲು ತೆಗೆದರೆ ಕುಕ್ಕರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನನಗೆ ಮನೆಗೆ ಹೋಗಲೇ ಬೇಜಾರು. ಸ್ಟೋರಿನಲ್ಲಿ ಯಾರ ಫೋನಿನಲ್ಲಾದರೂ ಹೆಂಡತಿ ಬೈಯುವುದು ಕೇಳಿಸಿದರೆ, ಏನೋ ಕೆಲಸವಿರುವಂತೆ ಹೋಗಿ ಪಕ್ಕದಲ್ಲಿ ನಿಂತುಕೊಳ್ಳುತ್ತೇನೆ. ಅಷ್ಟು ಆಸೆ.

ಕೆಳಗಿನ ಮನೆಯ ಫಿಲೋಮಿನಮ್ಮ ನನ್ನ ಮುಖ ನೋಡಲಾರದೆ ದಾರಿ ತೋರಿಸಿದರು. ಊರಿನ ಆ ತುದಿಯ ಚರ್ಚಿನಲ್ಲಿ ಮಾತೆಯ ಪುಣ್ಯಕ್ಷೇತ್ರವಿದೆ. ಮೈಯ ಯಾವ ಭಾಗಕ್ಕೆ ತೊಂದರೆಯೋ ಆ ಭಾಗವನ್ನು ಮೇಣದಲ್ಲಿ ಮಾಡಿದ್ದು ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಕೊಂಡು ಮಾತೆಯ ಪಾದದ ಹತ್ತಿರ ಇಡಬೇಕು. ಅವರ ಮಂಡಿ ನೋವು ಹೋದದ್ದು ಹಾಗೆಯೇ ಅಂತೆ. ಯಾವ ಬಾಗಿಲು, ಯಾವ ಸಾಲು, ಎಲ್ಲವನ್ನೂ ಮೂರು ಸಲ ಹೇಳಿದರು. ನಾನು ಮೂರು ಸಲವೂ ತಲೆಯಾಡಿಸಿದೆ, ಒಂದು ಸಲವೂ ಕೇಳಿಸಿಕೊಳ್ಳಲಿಲ್ಲ. ಪಂಕಜಳಿಗೆ ಕಾರ್ಖಾನೆಯಲ್ಲಿ ಸ್ಟಾಕ್ ಎಣಿಸುವುದಿದೆ ಎಂದು ಸುಳ್ಳು ಹೇಳಿ ಹೊರಟೆ.

ಅಂಗಡಿಯ ಮುಂದೆ ನಿಂತಾಗ ನನ್ನ ಸ್ಟೋರಿಗೇ ಬಂದಷ್ಟು ಖುಷಿಯಾಯಿತು. ಕೈ ಒಂದು ಕಡೆ, ಕಾಲು ಒಂದು ಕಡೆ, ಕಣ್ಣು, ಕಿವಿ, ಹೃದಯ, ಮಗು, ಕೊನೆಗೆ ಸೈಟು ಸಿಗದವರಿಗೆ ಮನೆ. ಎಲ್ಲ ಶಿಸ್ತಾಗಿ ಜೋಡಿಸಿಟ್ಟಿದ್ದರು. ಗಂಟಲು ಮಾತ್ರ ಇರಲಿಲ್ಲ. ಅಂಗಡಿಯ ಹೆಂಗಸು, "ಗಂಟಲು ಬೇರೆ ಬರಲ್ಲ ಸಾರ್. ತಲೆ ತಗೊಳ್ಳಿ, ಗಂಟಲು ಅದ್ರಲ್ಲೇ ಬರತ್ತೆ," ಎಂದರು. ಒಂದು ವಾಷರ್ ಸವೆದರೆ ಇಡೀ ಪಂಪು ಕೊಳ್ಳಿಸುವ ಕಂಪನಿಗಳನ್ನು ನಾನು ಬಹಳ ನೋಡಿದ್ದೇನೆ. ವಾದ ಮಾಡಲಿಲ್ಲ.

ಆದರೆ ಹೆಂಗಸಿನ ತಲೆಯ ಸ್ಟಾಕ್ ಖಾಲಿಯಾಗಿತ್ತು. ಉಳಿದ ತಲೆಗಳಿಗೆಲ್ಲ ಮೀಸೆ ಇತ್ತು.

ಕೊಂಡೆ. ಬಿಸಿಲಿನಲ್ಲಿ ಸಾಲು ಹಾವಿನ ಹಾಗೆ ಸುತ್ತಿಕೊಂಡಿತ್ತು. ಸುಮ್ಮನೆ ನಿಂತಿದ್ದರೆ ಆಗುತ್ತಿತ್ತು. ಮೀಸೆಯ ತಲೆ ಕೊಟ್ಟರೆ ಮಾತೆ ತಪ್ಪು ತಿಳಿದು ಪಂಕಜಳ ದನಿಯ ಬದಲು ನನ್ನ ದನಿಗೇ ರಿಪೇರಿ ಮಾಡಿಬಿಟ್ಟರೆ? ಹೀಗೆ ಯೋಚಿಸಿ, ಮನೆಯ ಕೀಲಿಕೈ ತೆಗೆದು ಮೀಸೆ ಕೆರೆಯತೊಡಗಿದೆ. ಮೀಸೆ ಹೋಯಿತು. ಮೇಣ ಬಿಸಿಲಿಗೆ ಮೆತ್ತಗಾಗಿತ್ತು, ಜೊತೆಗೆ ಮೂಗೂ ಹೋಯಿತು. ಕತ್ತು ಒಂದು ಪಕ್ಕಕ್ಕೆ ವಾಲಿತು. ನೆಟ್ಟಗೆ ಮಾಡೋಣವೆಂದು ತಿರುಗಿಸಿದೆ. ಒಂದು ಕೈಯಲ್ಲಿ ತಲೆ ಬಂತು, ಇನ್ನೊಂದು ಕೈಯಲ್ಲಿ ಕತ್ತು!

ಹಿಂದಿದ್ದ ಹೆಂಗಸು ಶಿಲುಬೆಯ ಗುರುತು ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಯಾವುದಕ್ಕಾಗಿ ಬಂದಿದ್ದೆನೋ ಅದನ್ನೇ ಮುರಿದಿದ್ದೆ. ಅಪಶಕುನವಾಯಿತೇ, ದನಿ ಇನ್ನು ಬರುವುದೇ ಇಲ್ಲವೇ? ಇದಕ್ಕೆ ಏನಾದರೂ ಪರಿಹಾರ ಕೇಳಬೇಕು, ಸಾಧ್ಯವಾದರೆ ಅವಳ ಹೆಸರಿಗೆ ಒಂದು ಅರ್ಚನೆಯನ್ನೂ ಮಾಡಿಸಿಬಿಡಬೇಕು ಎಂದು ಸಾಲು ಬಿಟ್ಟು ಒಳಗೆ ಹೋದೆ.

ಒಳಗೆ ಒಂದು ಪಕ್ಕದಲ್ಲಿ ಮರದ ಗೂಡು. ಅದಕ್ಕೆ ಜಾಲರಿಯ ಕಿಟಕಿ. ಒಳಗೆ ಒಬ್ಬರು ಕುಳಿತಿದ್ದರು, ಹೊರಗೆ ಜನ ಒಬ್ಬೊಬ್ಬರಾಗಿ ಮಂಡಿಯೂರಿ ಏನೋ ಪಿಸುಗುಟ್ಟಿ ಬರುತ್ತಿದ್ದರು. ಅರ್ಚನೆಯ ಕೌಂಟರ್ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಮೇಲೆ ಬೋರ್ಡೂ ಇತ್ತು. ಬೋರ್ಡು ಓದುವುದು ಹೊಸಬರ ಕೆಲಸ.

ನನ್ನ ಸರದಿ ಬಂತು. ಮಂಡಿಯೂರಿ ಜಾಲರಿಗೆ ಬಾಯಿ ಕೊಟ್ಟು, "ಪಂಕಜ. ರೋಹಿಣಿ ನಕ್ಷತ್ರ, ವೃಷಭ ರಾಶಿ," ಎಂದೆ.

ಒಳಗಿನಿಂದ ವಯಸ್ಸಾದ ದನಿ, "ಅವರ ವಿಷಯ ಇರ್ಲಿ. ನಿಮ್ದು ಹೇಳಿ," ಎಂದಿತು.

"ನಂದು ಅನುರಾಧ."

"ನಕ್ಷತ್ರ ಅಲ್ಲಪ್ಪಾ. ನೀವು ಮಾಡಿರೋ ತಪ್ಪು ಹೇಳಿ."

ನಾನು ಈ ತನಕ ಹೋದ ಯಾವ ದೇವಸ್ಥಾನದ ಕೌಂಟರಿನಲ್ಲೂ ಇದನ್ನು ಕೇಳಿರಲಿಲ್ಲ. ಎದ್ದು ಓಡಬಹುದಿತ್ತು. ಮಂಡಿ ಹಿಡಿದುಕೊಂಡಿತ್ತು, ಏಳಲಾಗಲಿಲ್ಲ. ಆ ಕತ್ತಲೆ ಗೂಡಿನ ಮುಂದೆ, ಮುಖ ಕಾಣದ ಆ ಹಿರಿಯರಿಗೆ, ನಾಲ್ಕು ತಿಂಗಳಿಂದ ಯಾರಿಗೂ ಹೇಳದ್ದನ್ನು ಹೇಳಿಬಿಟ್ಟೆ. ಮದುವೆಯಾಗಿ ಇಪ್ಪತ್ತೆಂಟು ವರ್ಷ. ದಿನಾ ಬೆಳಗ್ಗೆ ದೇವರಿಗೆ ಕೈ ಮುಗಿಯುವಾಗ ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ, ಇವಳು ಒಂದು ದಿನ ಬಾಯಿ ಮುಚ್ಚಿಕೊಂಡಿರುವ ಹಾಗೆ ಮಾಡಪ್ಪಾ ಎಂದು. ತಮಾಷೆಗೆ ಶುರು ಮಾಡಿದ್ದು, ಆಮೇಲೆ ಅಭ್ಯಾಸವಾಗಿತ್ತು. "ನಾನು ಒಂದು ದಿನ ಅಂತ ಕೇಳಿದ್ದು ಸ್ವಾಮಿ. ದಿನಾ ಕೇಳಿದ್ನಲ್ಲ, ಎಲ್ಲಾ ಸೇರಿಸಿ ಕೊಟ್ಬಿಟ್ಟ," ಎಂದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು.

ಹಿರಿಯರು ಕೆಮ್ಮಿದರು. ನಗು ತಡೆದರೋ ಏನೋ, ಗೊತ್ತಿಲ್ಲ.

"ನೀವು ಕ್ರೈಸ್ತರಾ?"

"ಅಲ್ಲ ಫಾದರ್. ಹೊಸಹಳ್ಳಿ."

ಅದು ಪಾಪ ಒಪ್ಪಿಕೊಳ್ಳುವ ಜಾಗ ಎಂದು ಆಮೇಲೆ ಅವರೇ ತಿಳಿಸಿದರು. ದೇವರು ಅಂಥ ಅರ್ಜಿ ತೆಗೆದುಕೊಳ್ಳುವುದಿಲ್ಲ, ಮುರಿದ ಮೇಣವನ್ನೂ ಮಾತೆ ಬೇಡವೆನ್ನುವುದಿಲ್ಲ ಎಂದು ಸಮಾಧಾನ ಹೇಳಿ, ಪಂಕಜಳ ಹೆಸರು ಹಿಡಿದು ಪ್ರಾರ್ಥಿಸಿದರು. ನಕ್ಷತ್ರ ಸೇರಿಸಲಿಲ್ಲ. ಕೊನೆಗೆ, "ಇದನ್ನ ನಂಗೆ ಹೇಳಿದ್ದು ಸಾಲ್ದು. ಮನೆಗೆ ಹೋಗಿ ಅವ್ರಿಗೆ ಹೇಳಿ," ಎಂದರು. ಎದ್ದಾಗ ಹಿಂದಿನ ಸಾಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಷ್ಟು ಹೊತ್ತು ಹಿಡಿಯುವ ಪಾಪ ಯಾವುದಿರಬಹುದು ಎಂದು ಅವರಿಗೆ ಕುತೂಹಲ.

ಮತ್ತೆ ಮೊದಲಿನ ಸಾಲಿನ ಕೊನೆಗೆ ನಿಂತು, ಬಿಸಿಲಲ್ಲಿ ಕಾದು, ಮಾತೆಯ ಎದುರಿಗೆ ಬಂದೆ. ಮಾತೆಗೆ ಹಸಿರು ಅಂಚಿನ ಸೀರೆ ಉಡಿಸಿದ್ದರು. ಅಲ್ಲಿ ನಿಂತಿದ್ದ ಸ್ವಯಂಸೇವಕ ನನ್ನ ಕೈಯಲ್ಲಿದ್ದ ಮುದ್ದೆಯನ್ನು ನೋಡಿ ಇದೇನು ಎಂದು ಕೇಳಿದ. ಗಂಟಲು ಎಂದೆ. ಮೂಗಿಲ್ಲದ ತಲೆಯನ್ನೂ ನೋಡಿದ. ಮತ್ತೇನೂ ಕೇಳದೆ ಜಾಗ ಬಿಟ್ಟ. ಎರಡನ್ನೂ ಇಟ್ಟೆ. ಬೈಸಿಕೊಳ್ಳುವ ಭಾಗ್ಯ ಕೊಡು ತಾಯೀ ಎಂದೆ. ಅದಕ್ಕಿಂತ ದೊಡ್ಡದು ನನಗೆ ಏನೂ ಬೇಕಾಗಿರಲಿಲ್ಲ.

ಮನೆ ತಲುಪಿದಾಗ ಮೂರು ದಾಟಿತ್ತು. ಪಂಕಜ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕುಳಿತರೆ ಧೈರ್ಯ ಹೋದೀತೆಂದು ನಿಂತಲ್ಲೇ ಎಲ್ಲ ಹೇಳಿದೆ: ಸ್ಟಾಕ್ ಎಣಿಸುವ ಸುಳ್ಳು, ಮೀಸೆ, ಕತ್ತು, ಫಾದರ್, ಇಪ್ಪತ್ತೆಂಟು ವರ್ಷದ ಪ್ರಾರ್ಥನೆ. ಹೇಳಿ ಮುಗಿಸಿ, "ಈಗ ಬೈಯೇ," ಎಂದೆ.

ಅವಳು ಸೊಂಟಕ್ಕೆ ಕೈ ಕೊಟ್ಟಳು. ಬೆರಳು ಎತ್ತಿದಳು. ಬಾಯಿ ಆಡತೊಡಗಿತು. ದನಿ ಇಲ್ಲ, ಆದರೆ ಹುಬ್ಬು, ಬೆರಳು, ತಲೆ ಆಡಿಸುವುದು, ಎಲ್ಲ ಹಿಂದಿನಂತೆಯೇ. ನನಗೆ ಆ ಪಾಠವೆಲ್ಲ ಬಾಯಿಪಾಠ. ತಲೆ ತಗ್ಗಿಸಿ ಸರಿಯಾದ ಜಾಗಗಳಲ್ಲಿ ಹೂಂ ಎಂದೆ. ನಡುವೆ ಎರಡು ಸಲ, "ತಪ್ಪಾಯ್ತು ಬಿಡೇ," ಎಂದೆ. ಎಷ್ಟೋ ದಿನದ ಮೇಲೆ ಮನಸ್ಸು ತುಂಬಿತ್ತು.

ಅವಳು ಹಣೆ ಚಚ್ಚಿಕೊಂಡು ಹತ್ತಿರ ಬಂದಳು. ನನ್ನ ಕಿವಿ ಹಿಡಿದೆಳೆದು ಉಸುರಿದಳು.

"ಬೈತಿಲ್ಲ ರೀ. ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ ಅಂತ ಕೇಳ್ತಿದೀನಿ."

ಇಷ್ಟು ವರ್ಷ ಇಂಥ ಅದೆಷ್ಟು ಮಾತುಗಳಿಗೆ ನಾನು ತಪ್ಪಾಯ್ತು ಬಿಡೇ ಎಂದಿದ್ದೇನೋ!