ಹನ್ನೊಂದು ಕಿಲೋ ತೂಕದ ಕಂಪ್ಯೂಟರ್ ಡಬ್ಬಿಗೆ

ಶ್ರೀಮಾನ್ ಕ್ಯಾಬಿನೆಟ್ ಅವರ ಸನ್ನಿಧಾನಕ್ಕೆ,
ನಡುಮನೆ, ಟಿ.ವಿ. ಪಕ್ಕ,
ಜನ್ನಾಪುರ, ಭದ್ರಾವತಿ.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ಏಕೆಂದರೆ ಈ ಮನೆಯಲ್ಲಿ ತಮ್ಮಷ್ಟು ಕ್ಷೇಮವಾಗಿರುವವರು ಇನ್ನೊಬ್ಬರಿಲ್ಲ. ಬೆಳಿಗ್ಗೆ ಅತ್ತೆ ಸುವರ್ಣಮ್ಮನವರು ದೇವರಿಗೆ ಹೂವಿಟ್ಟು ಉಳಿದದ್ದರಲ್ಲಿ ಒಂದನ್ನು ತಮ್ಮ ನೆತ್ತಿಗೆ ಏರಿಸುತ್ತಾರೆ. ಮಾವ ಭೈರಪ್ಪನವರು ತಮ್ಮ ಗಾಜಿನ ಬಾಗಿಲನ್ನು ಕನ್ನಡಕದ ಬಟ್ಟೆಯಿಂದ ಒರೆಸುತ್ತಾರೆ. ಬಂದ ನೆಂಟರು ಕಾಫಿಯ ಲೋಟ ಹಿಡಿಯುವ ಮೊದಲೇ ತಮ್ಮ ಮುಂದೆ ನಿಂತು, ದೀಪದ ಏಳು ಬಣ್ಣಗಳೂ ಒಂದು ಸುತ್ತು ತಿರುಗುವವರೆಗೆ ಬಾಯಿ ತೆರೆದುಕೊಂಡಿರುತ್ತಾರೆ. ನಾನು ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷವಾಯಿತು. ನನ್ನನ್ನು ಅಷ್ಟು ಹೊತ್ತು ಯಾರಾದರೂ ನಿಂತು ನೋಡಿದ್ದರೆ ಅದು ಮದುವೆಯ ದಿನ ಮಾತ್ರ.

ನನ್ನ ಪರಿಚಯ ತಮಗೆ ಇರಲಾರದು, ದೊಡ್ಡವರು ತಾವು. ನನ್ನ ಹೆಸರು ಅನುಷಾ. ಆರು ವರ್ಷದಿಂದ ದಿನಾ ಬಸ್ಸು ಹತ್ತಿ ಶಿವಮೊಗ್ಗದ ಗೋಪಾಳಕ್ಕೆ ಹೋಗಿ, ಗಣೇಶ್ ಎಂಬುವರ ಸ್ಟುಡಿಯೋದಲ್ಲಿ ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಊಟದ ಪಂಕ್ತಿಯಲ್ಲಿ ಬಾಯಿಗೆ ತುತ್ತಿಟ್ಟ ಮಾವಂದಿರನ್ನು ತೆಗೆದು, ಅಳುವ ತಾಯಿಯನ್ನು ಉಳಿಸಿ, ಎಂಟು ಗಂಟೆಯ ಗದ್ದಲದಿಂದ ನಲವತ್ತು ನಿಮಿಷದ ಮದುವೆ ಮಾಡುವವಳು ನಾನು. ಕೊನೆಯಲ್ಲಿ ಪರದೆಯ ಮೇಲೆ ಬರುವುದು ಮಾತ್ರ ಗಣೇಶ್ ಅವರ ಹೆಸರು, ಗಣೇಶ್ ಅವರ ಫೋಟೋ ಮತ್ತು ಗಣೇಶ್ ಅವರ ಎರಡು ಫೋನ್ ನಂಬರು.

ಹೀಗಿರುವಾಗ ನಮ್ಮ ಜನ್ನಾಪುರದ ಅಂಗನವಾಡಿಯ ಮಾಸ್ತಮ್ಮನವರು ಮೂವತ್ತನಾಲ್ಕು ವರ್ಷ ಮಕ್ಕಳ ಮೂಗು ಒರೆಸಿ ನಿವೃತ್ತರಾದರು. ಅವರ ಬೀಳ್ಕೊಡುಗೆಗೆ ಅರ್ಧ ಗಂಟೆಯ ಒಂದು ಚಿತ್ರ ಮಾಡಿಕೊಡಬೇಕೆಂದು ಬಡಾವಣೆಯವರು ನೇರವಾಗಿ ನನ್ನನ್ನೇ ಕೇಳಿದರು. ಕೊನೆಯಲ್ಲಿ 'ಸಂಕಲನ: ಅನುಷಾ' ಎಂದು ಹಾಕಿಕೊಳ್ಳಲು ಒಪ್ಪಿದರು. ಮಾನ್ಯರೇ, ಆ ಎರಡು ಪದಕ್ಕೆ ನಾನು ಆರು ವರ್ಷ ಕಾದಿದ್ದೇನೆ. ಭಾನುವಾರ ಸಮುದಾಯ ಭವನದಲ್ಲಿ ಪ್ರದರ್ಶನ. ಬೀಳ್ಕೊಡುಗೆ ಸಮಿತಿಯ ಶೇಷಪ್ಪನವರು ಮೊದಲೇ ಎಚ್ಚರಿಸಿದ್ದಾರೆ: "ಶನಿವಾರ ಸಂಜೆ ಒಳಗೆ ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡ ಕಣಮ್ಮ, ಎಲ್ಲಾ ಗಣೇಶಂಗೆ ಕೊಟ್ಬಿಡ್ತೀವಿ." ಕೊಟ್ಟರೆ ಯಾರ ಹೆಸರು, ಯಾರ ಫೋಟೋ, ಯಾರ ಎರಡು ನಂಬರು ಬರುತ್ತದೆಂದು ತಮಗೆ ಬಿಡಿಸಿ ಹೇಳಬೇಕಿಲ್ಲ.

ಈ ಕೆಲಸಕ್ಕಾಗಿಯೇ ಮನೆಗೊಂದು ಕಂಪ್ಯೂಟರ್ ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವರು ಮಾವ. "ಸೊಸೆ ಬಸ್ಸಲ್ಲಿ ಜೋತಾಡಿದ್ದು ಸಾಕು, ನಾನು ಕೊಡಿಸ್ತೀನಿ" ಎಂದು ಯಾರೂ ಕೇಳದಿದ್ದರೂ ಹೇಳಿದರು. ಅದನ್ನು ನಾನು ಬದುಕಿರುವವರೆಗೆ ಮರೆಯುವುದಿಲ್ಲ. ಮೂರು ತಿಂಗಳು ವಿಡಿಯೋ ನೋಡಿ, ನಾಲ್ಕು ಜನರನ್ನು ಕೇಳಿ, ನಾನೊಂದು ಪಟ್ಟಿ ಬರೆದಿದ್ದೆ: ಆರು ಕೋರಿನ ಪ್ರೊಸೆಸರ್, ಎಂಟು ಜಿ.ಬಿ.ಯ ಎರಡು ರ‍್ಯಾಮ್, ಬಣ್ಣ ಸುಳ್ಳು ಹೇಳದ ಮಾನಿಟರ್, ವಿಡಿಯೋದ ಭಾರ ಹೊರಲು ಸಾಧಾರಣದ್ದಾದರೂ ಒಂದು ಗ್ರಾಫಿಕ್ಸ್ ಕಾರ್ಡ್. ಇವನ್ನೆಲ್ಲ ಒಳಗಿಟ್ಟುಕೊಳ್ಳುವ ಡಬ್ಬಿಯ ಸಾಲಿನಲ್ಲಿ, ತಮ್ಮ ಕ್ಷಮೆ ಕೋರಿ ಹೇಳುತ್ತೇನೆ, 'ಯಾವುದಾದರೂ ಆದೀತು' ಎಂದು ಬರೆದಿದ್ದೆ. ಆ ಉಡಾಫೆಗೆ ತಾವು ಸರಿಯಾದ ಪಾಠ ಕಲಿಸಿದಿರಿ.

ಮಾವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೆಂಪಗೆ ಕಾದ ಕಬ್ಬಿಣದ ಮುಂದೆ ನಿಂತವರು. ಅವರು ಬಾಣಲೆ ಕೊಂಡರೂ ಬೀರು ಕೊಂಡರೂ ಪದ್ಧತಿ ಒಂದೇ: ಮೊದಲು ಕೈಯಲ್ಲಿ ಎತ್ತಿ ತೂಕ ನೋಡುವುದು, ಆಮೇಲೆ ಬೆರಳ ಗಂಟಿನಿಂದ ಬಡಿದು ಸದ್ದು ಕೇಳುವುದು, ಕೊನೆಗೆ ಅಂಚನ್ನು ಚಿವುಟಿ ತಗಡಿನ ದಪ್ಪ ಎಷ್ಟು ಗೇಜೆಂದು ಹೇಳುವುದು. ಭದ್ರಾವತಿಯಲ್ಲಿ ಈ ಪದ್ಧತಿಯಿಂದ ಯಾರೂ ಮೋಸ ಹೋದದ್ದಿಲ್ಲ. ಶಿವಮೊಗ್ಗದ ಆ ಅಂಗಡಿಯಲ್ಲೂ ಅವರು ಅದನ್ನೇ ಮಾಡಿದರು. ಅಂಗಡಿಯ ವಾದಿರಾಜ ಅವರು ಪ್ರೊಸೆಸರನ್ನು ಅಂಗೈಯಲ್ಲಿಟ್ಟಾಗ, "ಏನ್ರೀ ಇದು, ಬಿಸ್ಕತ್ ತುಂಡು ಇದ್ದಂಗಿದೆ. ಇದಕ್ಕೆ ಅಷ್ಟೊಂದಾ?" ಎಂದು ನಾಲ್ಕು ಕೋರಿನದಕ್ಕೆ ಇಳಿಸಿದರು. ರ‍್ಯಾಮನ್ನು ಬಾಚಣಿಗೆ ಎಂದು ಕರೆದು ಒಂದೇ ಸಾಕೆಂದರು. ಗ್ರಾಫಿಕ್ಸ್ ಕಾರ್ಡಿನ ಮೈಮೇಲೆ ಎರಡು ಪುಟ್ಟ ಫ್ಯಾನುಗಳಿದ್ದವು, ಅವನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಫ್ಯಾನಿಗೆ ಇಷ್ಟು ದುಡ್ಡು ಕೊಡೋಕೆ ನಮಗೇನು ತಲೆ ಕೆಟ್ಟಿದ್ಯಾ? ಮನೇಲಿ ಮೂರಿವೆ" ಎಂದು ಪಕ್ಕಕ್ಕಿಟ್ಟರು.

ಅಷ್ಟರಲ್ಲಿ ಮೂಲೆಯಲ್ಲಿ ತಾವು ಕಂಡಿರಿ. ಮಾವ ತಮ್ಮನ್ನು ಎತ್ತಿದರು, ಅಥವಾ ಎತ್ತಲು ನೋಡಿದರು. ತಮ್ಮ ಬೆನ್ನಿಗೆ ಬಡಿದರು. ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ, ಮಾನ್ಯರೇ. ಅಂಥ ಸಂತೋಷ ಮೊಮ್ಮಗಳು ಹುಟ್ಟಿದಾಗ ಒಮ್ಮೆ ಕಂಡಿತ್ತು. "ಇದು ನೋಡಮ್ಮ ಮಾಲು! ಕಬ್ಬಿಣಕ್ಕೆ ದುಡ್ಡು ಕೊಟ್ರೆ ಕೊನೆಗೆ ಕಬ್ಬಿಣನಾದ್ರೂ ಉಳಿಯುತ್ತೆ." ನಾನಾಗ ಬಾಯಿ ಬಿಡಬೇಕಿತ್ತು. ಪಟ್ಟಿ ಕೈಯಲ್ಲೇ ಇತ್ತು. ಆದರೆ ನಾಲ್ಕು ಜನ ಗಿರಾಕಿಗಳ ಮುಂದೆ, ಪ್ರೀತಿಯಿಂದ ಕೊಡಿಸಲು ಬಂದ ಮಾವನಿಗೆ 'ನಿಮಗೆ ಗೊತ್ತಿಲ್ಲ' ಎನ್ನಲು ನನಗೆ ಬರಲಿಲ್ಲ. ಪಟ್ಟಿಯನ್ನು ಮಡಚಿ ಬ್ಯಾಗಿಗೆ ಹಾಕಿದೆ. ಹಾಗಾಗಿ ಕಾರ್ಡಿಗೆಂದು ಎತ್ತಿಟ್ಟ ದುಡ್ಡು ತಮ್ಮ ಗಾಜು, ತಮ್ಮ ದೀಪ, ತಮ್ಮ ತಗಡುಗಳಲ್ಲಿ ಲೀನವಾಯಿತು.

ತಾವು ಬಂದ ಮೇಲಿನ ಪ್ರಗತಿಯನ್ನು ವರದಿ ಮಾಡುವುದು ನನ್ನ ಕರ್ತವ್ಯ. ಚಿತ್ರದಲ್ಲಿ ಮಾಸ್ತಮ್ಮ ಒಂದು ಮಗುವಿನ ಮೂಗು ಒರೆಸಲು ಕೈ ಎತ್ತುವ ದೃಶ್ಯವಿದೆ. ಅವರು ಕೈ ಎತ್ತಿದ ಮೇಲೆ ನಾನು ಅಡುಗೆಮನೆಗೆ ಹೋಗಿ ಒಂದು ಗಡ್ಡೆ ಬೆಳ್ಳುಳ್ಳಿ ಸುಲಿದು ಬಂದರೂ ಆ ಕೈ ಮೂಗನ್ನು ತಲುಪಿರುವುದಿಲ್ಲ. ಪೂರ್ತಿ ಚಿತ್ರವನ್ನು ಒಂದು ಫೈಲಾಗಿ ಹೊರತೆಗೆಯಲು ಹೇಳಿದರೆ ನಲವತ್ತೊಂದು ಗಂಟೆ ಬೇಕೆಂದು ಪರದೆ ತಿಳಿಸುತ್ತದೆ, ಮತ್ತು ಒಂಬತ್ತನೆಯ ಗಂಟೆಗೆ ಏನನ್ನೂ ತಿಳಿಸದೆ ಕಪ್ಪಾಗುತ್ತದೆ. ತಮ್ಮ ದೀಪಗಳು ಮಾತ್ರ ಆಗಲೂ ಉರಿಯುತ್ತಿರುತ್ತವೆ. ಅವನ್ನು ಆರಿಸಲು ಅತ್ತೆ ಬಿಡುವುದಿಲ್ಲ; ಮುಸ್ಸಂಜೆ ಹೊತ್ತಿಗೆ ದೀಪ ಆರಿಸುವ ಮನೆ ಉದ್ಧಾರವಾದೀತೇ? ತಮ್ಮ ನೇರಳೆ ಬೆಳಕು ಗೋಡೆಗೂ ಮಾನಿಟರಿಗೂ ಬಡಿಯುವಾಗಲೇ ನಾನು ಕೂತು ಬಣ್ಣ ತಿದ್ದಿದೆ. ಮರುದಿನ ಬೆಳಿಗ್ಗೆ ಬಿಸಿಲಲ್ಲಿ ನೋಡಿದರೆ ಮಾಸ್ತಮ್ಮನವರ ಮುಖ ಹಸಿ ಬಾಳೆಕಾಯಿಯ ಬಣ್ಣಕ್ಕೆ ತಿರುಗಿತ್ತು.

ಇದರ ಮೇಲೆ ತಮ್ಮ ಸೆಖೆ. ಒಳಗಿನ ಬಿಸಿ ಹೊರಗೆ ಹೋಗಲೆಂದು ತಮ್ಮ ಬೆನ್ನಲ್ಲಿ ಸಾಲಾಗಿ ತೂತುಗಳಿದ್ದವು. ತಾವು ಬಂದ ಮೂರನೆಯ ದಿನ ಮಾವ ಅವುಗಳಿಗೆಲ್ಲ ಅಚ್ಚುಕಟ್ಟಾಗಿ ಟೇಪು ಅಂಟಿಸಿದರು: "ಮಳೆಗಾಲದ ಥಂಡಿ ಗಾಳಿ ಒಳಗೆ ಹೋದ್ರೆ ತುಕ್ಕು ಹಿಡಿಯುತ್ತೆ ಮಗಾ." ತುಕ್ಕಿನ ಜೊತೆ ಮೂವತ್ತೊಂದು ವರ್ಷ ಕಾದಾಡಿದವರಿಗೆ ಹೇಗೆ ಎದುರಾಡಲಿ?

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಬೇಡಿಕೆಗಳು. ತಮ್ಮ ಹನ್ನೊಂದು ಕಿಲೋದಲ್ಲಿ ಒಂದು ಕಿಲೋವನ್ನಾದರೂ ದಯವಿಟ್ಟು ಗ್ರಾಫಿಕ್ಸ್ ಕಾರ್ಡಾಗಿ ಪರಿವರ್ತಿಸಿಕೊಳ್ಳಬೇಕು. ಅದು ಕಷ್ಟವಾದರೆ ತಮ್ಮ ಏಳು ಬಣ್ಣಗಳಲ್ಲಿ ಮನುಷ್ಯರ ಮುಖದ ಬಣ್ಣವನ್ನೂ ಸೇರಿಸಿಕೊಳ್ಳಬೇಕು. ಅದೂ ಆಗದಿದ್ದರೆ ಭಾನುವಾರವನ್ನು ಒಂದು ವಾರ ಮುಂದೂಡಬೇಕು. ತಮ್ಮ ತೂಕದವರು ಹೇಳಿದರೆ ಯಾರು ಇಲ್ಲವೆಂದಾರು? ಇದನ್ನೆಲ್ಲ ತಮಗೇ ಬರೆಯಲು ಕಾರಣವಿಷ್ಟೇ: ಹೇಳಬೇಕಾದವರಿಗೆ ಹೇಳಿದರೆ ನೋವಾಗುತ್ತದೆ, ತಮಗೆ ಆಗುವುದಿಲ್ಲ.

ಮೇಲಿನದೆಲ್ಲ ಬರೆದದ್ದು ಕಳೆದ ಗುರುವಾರ ಬೆಳಿಗ್ಗೆ. ಪತ್ರವನ್ನು ಅಲ್ಲಿಗೆ ನಿಲ್ಲಿಸಿ, ಕೀಬೋರ್ಡಿನ ಕೆಳಗಿಟ್ಟು, ಅನ್ನಕ್ಕಿಡಲು ಎದ್ದೆ. ಗಾಜು ಒರೆಸಲು ಬಂದ ಮಾವ ಅದನ್ನು ಪೂರ್ತಿ ಓದಿದರು. ನಾನು ಒಲೆಯ ಮುಂದೆ ನಿಂತಿದ್ದಾಗ ಬಾಗಿಲಿಗೆ ಬಂದು ಒಂದೇ ಮಾತು ಕೇಳಿದರು: "ಹಂಗಾದ್ರೆ ಅದು ಫ್ಯಾನ್ ಅಲ್ವೇನಮ್ಮ?"

ಅಲ್ಲ ಮಾವ, ಎಂದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಬೈಯಲಿಲ್ಲ, ಊಟವನ್ನೂ ಬಿಡಲಿಲ್ಲ. ಊಟ ಮುಗಿಸಿ ಕೈ ತೊಳೆದವರೇ ತಮ್ಮ ಬೆನ್ನಿನ ಟೇಪನ್ನು ಒಂದೊಂದಾಗಿ ಕಿತ್ತರು. ಶುಕ್ರವಾರ ಹಿತ್ತಲಲ್ಲಿ ಹಳೆಯ ಕಬ್ಬಿಣದ ಆಂಗಲ್ ಪಟ್ಟಿಗಳನ್ನು ಕತ್ತರಿಸಿ, ಪ್ಲೈವುಡ್ ಹಲಗೆ ಕೂರಿಸಿ, ನಾಲ್ಕೂ ಕಡೆ ತೆರೆದಿರುವ ಒಂದು ಚೌಕಟ್ಟು ಮಾಡಿದರು. ನಾನು ತಮ್ಮ ಒಡಲಿನ ಭಾಗಗಳನ್ನು ಬಿಚ್ಚಿ ಅದರ ಮೇಲೆ ಜೋಡಿಸಿದೆ. "ಗಾಳಿ ಆಡ್ಲಿ ಬಿಡು. ತುಕ್ಕು ಹಿಡಿದ್ರೆ ಉಜ್ಜೋಕೆ ನಾನಿದೀನಿ" ಎಂದರು ಮಾವ. ಆಮೇಲೆ ಖಾಲಿಯಾದ ತಮ್ಮನ್ನು ಆಟೋದಲ್ಲಿ ಕೂರಿಸಿಕೊಂಡು ನೇರ ಗೋಪಾಳಕ್ಕೆ ಹೋದರು. ಗಣೇಶ್ ಅವರು ಹಿಂದೊಮ್ಮೆ ನಮ್ಮ ಮನೆಗೆ ಬಂದಿದ್ದಾಗ ತಮ್ಮ ಜೊತೆ ಸೆಲ್ಫಿ ತೆಗೆದುಕೊಂಡಿದ್ದರಲ್ಲ, ಅವರ ಬೀರುವಿನಲ್ಲಿ ಬದಲಾಯಿಸಿಟ್ಟ ಹಳೆಯ ಗ್ರಾಫಿಕ್ಸ್ ಕಾರ್ಡೊಂದು ಧೂಳು ಹಿಡಿಯುತ್ತಿರುವುದನ್ನು ಮಾವನಿಗೆ ನಾನೇ ಹೇಳಿದ್ದೆ. ಅದನ್ನು ಕೊಡಿ, ಬದಲಿಗೆ ಇದನ್ನು ಇಟ್ಕೊಳ್ಳಿ ಎಂದರು ಮಾವ. ಗಣೇಶ್ ಅವರು ಎರಡನೆಯ ಮಾತಾಡಲಿಲ್ಲ. ಗಿರಾಕಿಗಳು ನೋಡುವುದು ದೀಪವನ್ನೇ ಹೊರತು ಒಡಲನ್ನಲ್ಲ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ನ್ಯಾಯವಾಗಿ ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬಿಯನ್ನೂ ಮಾವ ಅಂಗಡಿಯಲ್ಲಿ ತೂಕ ನೋಡಿಯೇ ಆರಿಸಿದ್ದರು. ಅದು ಗಟ್ಟಿ ಮಾಲೇ ಆಗಿತ್ತು, ಹೊಸದಾಗಿ ಬಂದ ಕಾರ್ಡಿನ ಹಸಿವನ್ನೂ ಗೊಣಗದೆ ತೀರಿಸಿತು. ಶನಿವಾರ ಮಧ್ಯಾಹ್ನ ಮೂರಕ್ಕೆ ಚಿತ್ರ ಸಿದ್ಧವಾಯಿತು. ಮಾಸ್ತಮ್ಮನವರ ಮುಖ ಮಾಸ್ತಮ್ಮನವರ ಬಣ್ಣದಲ್ಲೇ ಇತ್ತು. ಭಾನುವಾರ ಕೊನೆಯಲ್ಲಿ ನಾಲ್ಕು ಸೆಕೆಂಡು ನನ್ನ ಹೆಸರು ಬಂದಾಗ, ತುಂಬಿದ ಸಭೆಯಲ್ಲಿ ಮಾವ ಎದ್ದು ನಿಂತು ಅದನ್ನು ಗಟ್ಟಿಯಾಗಿ ಓದಿದರು. ನನಗೆ ಅಳು ಬಂತು, ತಮ್ಮೆದುರು ಮುಚ್ಚಿಡುವುದೇನಿದೆ.

ಹೊಸ ಜಾಗದಲ್ಲಿ ತಮ್ಮ ಪ್ರಭೆ ದಿನದಿನಕ್ಕೆ ಹೆಚ್ಚಲೆಂದು ಹಾರೈಸುತ್ತಾ, ಈ ಮನೆಯ ಕಡೆ ಮತ್ತೆ ಪಾದ ಬೆಳೆಸುವ ತೊಂದರೆ ತೆಗೆದುಕೊಳ್ಳಬಾರದೆಂದು ಕೈಮುಗಿದು ಕೋರುತ್ತೇನೆ.

ತಮ್ಮ ಭಾರದಿಂದ ಬಿಡುಗಡೆಗೊಂಡ, ಆದರೂ ತಮ್ಮ ವಿಶ್ವಾಸಿ,
ಅನುಷಾ
ಜನ್ನಾಪುರ

ಮರೆತ ಮಾತು: ಇಂದು ಬೆಳಿಗ್ಗೆ ಗಣೇಶ್ ಅವರು ಫೋನ್ ಮಾಡಿದ್ದರು. ತಮ್ಮನ್ನು ಗಾಜಿನ ಶೋಕೇಸಿನಲ್ಲಿ ಕೂರಿಸಿದ ಮೇಲೆ ಮೂರು ಮದುವೆ ಹೊಸದಾಗಿ ಒಪ್ಪಿಕೊಂಡಿದ್ದಾರಂತೆ. ಕತ್ತರಿಸಿ ಜೋಡಿಸಲು ಯಾವಾಗ ಬರ್ತೀಯಾ ಎಂದು ಕೇಳಿದರು. ನಾನಿನ್ನು ಬರುವುದಿಲ್ಲ, ನನಗೆ ಮನೆಯಲ್ಲೇ ಕೆಲಸವಿದೆ, ಅಂಥ ದೊಡ್ಡವರು ನಿಮ್ಮ ಸ್ಟುಡಿಯೋಗೇ ಬಂದು ಕೂತಿರುವಾಗ ನಾನೇಕೆ, ಅವರನ್ನೇ ಕೇಳಿ ಎಂದೆ. ತಾವು ಕೆಲಸ ಶುರು ಮಾಡಬಹುದು.