ಹನ್ನೊಂದನೆಯ ಮೆಟ್ಟಿಲಿನ ಮಾನ

ನಗರಸಭೆ ಕಚೇರಿಯ ಹಿಂಬದಿಯಲ್ಲಿ ಹತ್ತೊಂಬತ್ತು ಮೆಟ್ಟಿಲುಗಳಿವೆ. ಹನ್ನೊಂದನೆಯದು ಇಲ್ಲ ಎಂಬುದೊಂದನ್ನು ಬಿಟ್ಟರೆ ಕಡತದಲ್ಲಿರುವ ಈ ಸಂಖ್ಯೆ ಸರಿಯಾಗಿಯೇ ಇದೆ. ಮುಂಬಾಗಿಲು ಗಣ್ಯರಿಗೆ ಮೀಸಲಾದ್ದರಿಂದ ಜನನ, ಮರಣ, ನೀರು, ಕಸ ಮುಂತಾದ ಕೆಲಸಗಳಿಗೆ ಬರುವವರು ಈ ಮೆಟ್ಟಿಲುಗಳನ್ನೇ ಹತ್ತತಕ್ಕದ್ದು.

ಒಂದು ಸೋಮವಾರ, ಮಗುವಿನ ಜನನಪತ್ರ ಪಡೆದು ಇಳಿಯುತ್ತಿದ್ದ ಬಾಣಂತಿಯೊಬ್ಬಳು ಹನ್ನೊಂದನೆಯ ಮೆಟ್ಟಿಲಿದೆಯೆಂದು ನಂಬಿ ಕಾಲಿಟ್ಟಳು. ಹಿಂದೆಯೇ ಇಳಿಯುತ್ತಿದ್ದ ನಿವೃತ್ತ ನರ್ಸ್ ಮಗುವನ್ನು ಹಿಡಿದುಕೊಂಡರು. ತಾಯಿಯ ಪಾದ ಮುರಿಯಿತು. ಬೀದಿಯವರೆಲ್ಲ ಸಿಸ್ಟರಮ್ಮ ಎಂದು ಕರೆಯುವ ಈ ನರ್ಸ್, ಮೊಬೈಲಿನಲ್ಲಿ ಬೀದಿಯ ಸುದ್ದಿಗೆಂದೇ ಒಂದು ಪುಟ ನಡೆಸುತ್ತಿದ್ದರು. ಓದುಗರು ಮುನ್ನೂರ ಹನ್ನೆರಡು. ಅಂದೇ ಫೋಟೊ ಸಮೇತ ಬರೆದರು: “ಹನ್ನೊಂದನೇ ಮೆಟ್ಟಿಲು ಇಲ್ಲ. ಹುಷಾರು.”

ಮೂರನೆಯ ದಿನ ಮೆಟ್ಟಿಲು ಕಟ್ಟಿಸಿದ ಗುತ್ತಿಗೆದಾರರ ಕಡೆಯಿಂದ ನೋಟಿಸು ಬಂತು. “‘ಇಲ್ಲ’ ಎಂಬ ಪದದಿಂದ ನಮ್ಮ ಕಕ್ಷಿದಾರರು ಮೆಟ್ಟಿಲು ಕಟ್ಟಿಲ್ಲವೆಂಬ ಅರ್ಥವೂ, ‘ಹುಷಾರು’ ಎಂಬ ಪದದಿಂದ ಅವರು ಅಪಾಯಕಾರಿ ವ್ಯಕ್ತಿಯೆಂಬ ಅರ್ಥವೂ ಹೊರಡುತ್ತವೆ. ಚಿತ್ರದ ಮೂಲೆಯಲ್ಲಿ ನಗರಸಭೆಯ ಎಂಜಿನಿಯರರ ಎಡಗಾಲಿನ ಬೂಟು ಕಾಣುತ್ತಿದ್ದು, ಸದರಿ ಬೂಟಿನ ಖಾಸಗಿತನಕ್ಕೆ ಧಕ್ಕೆಯಾಗಿದೆ. ಏಳು ದಿನದೊಳಗೆ ಕ್ಷಮೆ ಕೋರತಕ್ಕದ್ದು.”

ಸಿಸ್ಟರಮ್ಮನ ತಮ್ಮ ವಕೀಲ. ನೋಟಿಸನ್ನು ಎರಡು ಸಲ ಓದಿದ.

“ನಾನು ಬರೆದಿದ್ದು ನಿಜಾನೇ ತಾನೇ?” ಎಂದರು ಸಿಸ್ಟರಮ್ಮ.

“ನಿಜ ಬರೆದ್ರೆ ಕೇಸು ಗೆಲ್ತೀವಿ ಅಕ್ಕ. ಗೆಲ್ಲೋಕೆ ಹನ್ನೆರಡು ವರ್ಷ ಬೇಕು, ಅಷ್ಟೇ.”

“ನಂಗೀಗ ಅರವತ್ತೇಳು ಕಣೋ.”

“ಅದಕ್ಕೇ ಹೇಳ್ತಿರೋದು, ಕೊನೇಲಿ ‘ಎನ್ನಲಾಗಿದೆ’ ಅಂತ ಸೇರಿಸಿಬಿಡು.”

ಸೇರಿಸಿದರು. ಎಂದವರು ಯಾರು ಎಂದು ಕೇಳಿ ಎರಡನೆಯ ನೋಟಿಸು ಬಂತು. ಅಷ್ಟರಲ್ಲಿ ಆ ಸುದ್ದಿಯನ್ನು ಹಂಚಿದ್ದ ಮೂವತ್ತೊಂದು ಮಂದಿಗೂ ತಲಾ ಒಂದು ತಲುಪಿತ್ತು. ಕೆಳಗೆ ನಗುವ ಮುಖ ಹಾಕಿದ್ದ ಗಡಿಯಾರ ರಿಪೇರಿಯವನಿಗೆ ಎರಡು. ಅವನು ಎದ್ದುಬಿದ್ದು ಓಡಿಬಂದ.

“ಸಿಸ್ಟರಮ್ಮ, ಬೆರಳು ತಾಗಿಬಿಡ್ತು! ನಾನು ನಗೋ ಜಾತಿಯವನೇ ಅಲ್ಲ. ಬೇಕಾದ್ರೆ ನನ್ನ ಹೆಂಡ್ತೀನ ಕೇಳಿ.”

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಪತಿ ಒಮ್ಮೆಯೂ ನಕ್ಕಿಲ್ಲವೆಂದು ಆಕೆ ಪ್ರಮಾಣಪತ್ರ ಬರೆದುಕೊಟ್ಟಳು. ಅದನ್ನು ಅಂಗೀಕರಿಸಲಾಯಿತು.

ಸಿಸ್ಟರಮ್ಮನಿಗೆ ಉಳಿದಿದ್ದು ಬಾಣಂತಿಯ ಸಾಕ್ಷಿಯೊಂದೇ. ಫೋನು ಮಾಡಿದರು.

“ನಾನು ಬಿದ್ದಿದ್ದು ನಿಜ, ಎಲ್ಲಿ ಬೇಕಾದ್ರೂ ಹೇಳ್ತೀನಿ” ಎಂದಳು ಅವಳು. ತಕ್ಷಣ ಫೋನು ಗಂಡನ ಕೈಗೆ ಹೋಯಿತು. “ಅವಳು ಬಿದ್ದಿಲ್ಲ ಸಿಸ್ಟರಮ್ಮ. ಸುಸ್ತಾಗಿ ಕೂತ್ಕೊಂಡ್ಲು. ಸ್ವಲ್ಪ ಜೋರಾಗಿ ಕೂತ್ಕೊಂಡ್ಲು.”

ಏಳನೆಯ ದಿನ ತಮ್ಮ ಬರೆದುಕೊಟ್ಟ ಕ್ಷಮಾಪಣೆ ಪ್ರಕಟವಾಯಿತು: “ಮೆಟ್ಟಿಲು ಇದೆ. ನನ್ನ ಕಣ್ಣಿಗೆ ಕಾಣಲಿಲ್ಲ.” ಮೂವತ್ತೈದು ವರ್ಷ ರೋಗಿಗಳಿಗೆ ಸುಳ್ಳು ಹೇಳದಿದ್ದ ಸಿಸ್ಟರಮ್ಮ ಅಂದು ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅದನ್ನು ಓದಿ ನಂಬಿದ ಮಾಜಿ ಪೋಸ್ಟ್‌ಮಾಸ್ಟರರು ಧೈರ್ಯವಾಗಿ ಇಳಿದು, ಸೊಂಟ ಮುರಿದುಕೊಂಡರು. ಸುಳ್ಳು ಮಾಹಿತಿ ಹರಡಿದ್ದಕ್ಕಾಗಿ ಆಸ್ಪತ್ರೆಯ ಹಾಸಿಗೆಯಿಂದಲೇ ನೋಟಿಸು ಕಳಿಸಿದರು.

“ಇದು ಮಾನನಷ್ಟ ಅಲ್ಲ ಅಕ್ಕ, ಬೇರೆ ಕಲಂ” ಎಂದು ತಮ್ಮ ಸಮಾಧಾನ ಹೇಳಿದ.

“ಇದೆ ಅಂದ್ರೂ ತಪ್ಪು, ಇಲ್ಲ ಅಂದ್ರೂ ತಪ್ಪು. ಇನ್ನೇನು ಹವಾಮಾನ ಬರೀಲಾ?”

“ಅದರಲ್ಲೂ ಮಾನ ಇದೆ. ನೋಡ್ಕೊಂಡು ಬರಿ.”

ಸಿಸ್ಟರಮ್ಮ ಪುಟವನ್ನೇ ಅಳಿಸಿಹಾಕಿದರು. ಮರುದಿನದಿಂದ ಹನ್ನೆರಡನೆಯ ಮೆಟ್ಟಿಲ ಮೇಲೆ ನಿಂತು, ಬಾಯಿ ಬಿಡದೆ, ಬಂದವರಿಗೆಲ್ಲ ಕೈ ಕೊಟ್ಟು ದಾಟಿಸತೊಡಗಿದರು. ಎರಡು ದಿನ ಒಬ್ಬರೂ ಬೀಳಲಿಲ್ಲ. ಮೂರನೆಯ ದಿನ ಎಂಜಿನಿಯರರು ಪತ್ರ ಹಿಡಿದು ಬಂದರು. ಸಿಸ್ಟರಮ್ಮ ಮಾಡುತ್ತಿರುವುದು “ಸನ್ನೆಯ ಮೂಲಕ ಪ್ರಕಟಣೆ” ಎಂದು ಅದರಲ್ಲಿತ್ತು.

“ಕೈ ಹಿಡಿಯೋದೂ ತಪ್ಪಾ ಸ್ವಾಮಿ?”

“ಹಿಡೀರಿ, ಯಾರು ಬೇಡ ಅಂದ್ರು? ಇಲ್ಲೇ ಯಾಕೆ ಹಿಡೀತೀರಿ? ನಾಲ್ಕನೇ ಮೆಟ್ಟಿಲಲ್ಲಿ ಹಿಡೀರಿ.” ಇಷ್ಟು ಹೇಳಿ ಎಂಜಿನಿಯರರು ಪ್ಯಾಂಟನ್ನು ಎರಡೂ ಕೈಯಿಂದ ಎತ್ತಿ ಹಿಡಿದು, ಹನ್ನೆರಡರಿಂದ ಹತ್ತಕ್ಕೆ ಅಭ್ಯಾಸವಾದ ಒಂದೇ ಹೆಜ್ಜೆಯಲ್ಲಿ ಇಳಿದುಹೋದರು.

ಸಾರ್ವಜನಿಕರ ಗೊಂದಲ ನಿವಾರಣೆಗಾಗಿ ನಗರಸಭೆಯು ಮುಂದಿನ ವಾರ ಪ್ರಕಟಣೆ ಹೊರಡಿಸಿತು: “ಅಂತರ್ಜಾಲದಲ್ಲಿ ಯಾವುದೇ ಸಂಗತಿ ಬರೆಯಲಿಚ್ಛಿಸುವವರು ಮುಂಚಿತವಾಗಿ ನಿಜಾಂಶ ದೃಢೀಕರಣ ಪತ್ರ ಪಡೆಯತಕ್ಕದ್ದು. ಅರ್ಜಿಗಳನ್ನು ಮೇಲಂತಸ್ತಿನ ನಾಲ್ಕನೇ ಕೌಂಟರಿನಲ್ಲಿ ಖುದ್ದಾಗಿ ಸಲ್ಲಿಸತಕ್ಕದ್ದು. ಹಿಂಬದಿಯ ಮೆಟ್ಟಿಲುಗಳನ್ನೇ ಬಳಸತಕ್ಕದ್ದು.” ಅರ್ಜಿಯ ಆರನೆಯ ಕಾಲಮ್ಮಿನಲ್ಲಿ “ಬರುವಾಗ ಬಿದ್ದಿದ್ದೀರಾ?” ಎಂಬ ಪ್ರಶ್ನೆಯಿದ್ದು, ಗುರುತು ಹಾಕಲು ಎರಡು ಚೌಕಗಳಿವೆ: ಇಲ್ಲ, ಇಲ್ಲ.

ಕೊನೆಗೂ ಒಂದು ಸ್ಪಷ್ಟ ನಿಯಮ ಬಂತಲ್ಲ ಎಂದು ಜನ ಸಂತೋಷಪಟ್ಟರು. ಮೊದಲ ದಿನವೇ ಸಾಲು ಗೇಟಿನವರೆಗೆ ಬೆಳೆಯಿತು. ಗಡಿಯಾರ ರಿಪೇರಿಯವನು ನಗಲು ಅನುಮತಿ ಕೋರಿ ನಿಂತಿದ್ದ. ಅವನ ಹಿಂದೆ ಸಿಸ್ಟರಮ್ಮ, ಕಂಕುಳಲ್ಲಿ ಬ್ಯಾಂಡೇಜಿನ ಡಬ್ಬಿ ಇಟ್ಟುಕೊಂಡು.

ಈಗ ನಮ್ಮ ಊರಿನಲ್ಲಿ ಮಾನ ಹೋದವರು ಒಬ್ಬರೂ ಇಲ್ಲ. ಕಾಲು ಹೋದವರು ಇದ್ದಾರೆ. ಅವರ ಅರ್ಜಿಗಳು ಪರಿಶೀಲನೆಯಲ್ಲಿವೆ.