ಸದ್ದು ಮಾಡದ ಮಂಡಕ್ಕಿ

ನಮ್ಮ ಕಂಪನಿ ಪ್ಲಾಸ್ಟಿಕ್ ಬಿಟ್ಟಿದ್ದು ನನ್ನ ಭಾಷಣದಿಂದ ಎಂದು ಹರಿಹರದಲ್ಲಿ ಈಗಲೂ ಹೇಳುತ್ತಾರೆ. ಕೇಳಲು ಹಿತವಾಗಿಯೇ ಇದೆ. ಆದರೆ ಕಾಲೇಜಿನುದ್ದಕ್ಕೂ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಸುಳ್ಳು ಹಿಡಿದವಳು ನಾನು. ನನ್ನ ಪರವಾದ ಸುಳ್ಳನ್ನು ಮಾತ್ರ ಬಿಟ್ಟುಬಿಡುವುದು ನ್ಯಾಯವಲ್ಲ.

ನಮ್ಮದು ಭತ್ತ ಬೆಳೆಗಾರರೇ ಸೇರಿ ಕಟ್ಟಿದ ಕಂಪನಿ. ಕಚೇರಿ ಹರಿಹರದಲ್ಲಿ, ನನ್ನ ಮನೆ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ. ವರ್ಷಕ್ಕೊಮ್ಮೆ ಸದಸ್ಯರ ಮಹಾಸಭೆ. ಬಂದವರಿಗೆಲ್ಲ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಂಡಕ್ಕಿ. ಸಭೆ ಮುಗಿದ ಮೇಲೆ ಅಂಗಳದ ತುಂಬ ಪೊಟ್ಟಣ. ಈ ಸಲ ‘ಕಂಪನಿಯ ಯಾವ ಕಾರ್ಯಕ್ರಮದಲ್ಲೂ ಪ್ಲಾಸ್ಟಿಕ್ ಇಲ್ಲ’ ಎಂಬ ಠರಾವು ತರೋಣ, ಮಾದರಿಗಾಗಿ ಅಂದೇ ಮಂಡಕ್ಕಿಯನ್ನು ಬಟ್ಟೆ ಚೀಲದಲ್ಲಿ ತಂದು ಮುತ್ತುಗದೆಲೆಯಲ್ಲಿ ಬಡಿಸೋಣ ಎಂದು ಸಿಬ್ಬಂದಿ ಸಭೆಯಲ್ಲಿ ಮಂಡಿಸಿದೆ.

ಚಹಾ ತಂದ ಗಿರಿಜಕ್ಕ ಬಾಗಿಲಲ್ಲೇ ನಿಂತರು. ಕಚೇರಿ ಶುರುವಾದಾಗಿನಿಂದ ಕಸ, ಚಹಾ, ಬೀಗದ ಕೈ ಎಲ್ಲ ಅವರದೇ.

“ಮಳೆಗಾಲ ಐತಲ್ರಿ ಮೇಡಮ್. ಬಟ್ಟೆ ಚೀಲದಾಗೆ ಮೆತ್ತಗಾಗ್ತಾವು.”

“ಆಧಾರ ಏನಕ್ಕಾ?”

“ಆಧಾರನಾ? ಮಂಡಕ್ಕಿರಿ ಅವು.”

ಇದು ಆಧಾರವಲ್ಲ, ಅಭಿಪ್ರಾಯ ಎಂದು ಸೌಜನ್ಯದಿಂದ ತಳ್ಳಿಹಾಕಿ, ಭೂಮಿಯ ಭವಿಷ್ಯದ ಬಗ್ಗೆ ಮೂವತ್ತು ನಿಮಿಷ ಮಾತಾಡಿದೆ. ಅಧ್ಯಕ್ಷರು ಗಡಿಯಾರ ನೋಡಿ, “ಆತು ಬಿಡವ್ವ, ಹಂಗೇ ಆಗ್ಲಿ. ಊಟದ ಹೊತ್ತಾತು” ಎಂದರು. ‘ಒಮ್ಮತದ ನಿರ್ಣಯ’ ಎಂದು ನಾನೇ ಬರೆದುಕೊಂಡೆ.

ಮಹಾಸಭೆಯ ಹಿಂದಿನ ದಿನ ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ಹೋದೆ.

“ಚೀಲದೊಳಗೆ ಪ್ಲಾಸ್ಟಿಕ್ ಬ್ಯಾಡ್ವೇನ್ರಿ? ಇವತ್ತೇ ತಿಂತೀರಾ?” ಎಂದು ಭಟ್ಟಿಯವನು ಕೇಳಿದ.

“ಇಲ್ಲ, ನಾಳೆ.”

ಅವನು ನನ್ನನ್ನೊಮ್ಮೆ ದಿಟ್ಟಿಸಿ ನೋಡಿ ಚೀಲದ ಬಾಯಿ ಕಟ್ಟಿದ. ಆ ನೋಟವನ್ನು ನಾನು ಗೌರವ ಎಂದು ತಿಳಿದೆ.

ಆ ಸಂಜೆಯಿಂದಲೇ ಜಿಟಿಜಿಟಿ ಮಳೆ. ಮರುದಿನ ಸಭೆಯಲ್ಲಿ ಮೊದಲು ಉಪಾಹಾರ, ಆಮೇಲೆ ಠರಾವು. ಅಧ್ಯಕ್ಷರು ಒಂದು ಮುಕ್ಕು ಬಾಯಿಗೆ ಹಾಕಿದರು. ಮಂಡಕ್ಕಿ ತಿಂದರೆ ಸದ್ದಾಗಬೇಕು. ಆಗಲಿಲ್ಲ.

ಮಲೆಬೆನ್ನೂರಿನ ಹಿರಿಯ ಸದಸ್ಯರೊಬ್ಬರು ಒಂದು ಹಿಡಿ ಎತ್ತಿ ಅದುಮಿ ನೋಡಿದರು. “ಏನವ್ವ, ಇದನ್ನ ತಿನ್ನಬೇಕೋ, ದಿಂಬಿಗೆ ತುಂಬಬೇಕೋ?”

“ಪ್ಲಾಸ್ಟಿಕ್ ಬಿಟ್ರೆ ಹಿಂಗೇ ಆಗೋದು. ಆ ಠರಾವು ನಮಗೆ ಬ್ಯಾಡ” ಎಂದಿತು ಹಿಂದಿನ ಸಾಲು.

ಛತ್ರಿಗಳು ಬಿಚ್ಚಿಕೊಳ್ಳತೊಡಗಿದವು. ಜನ ಎದ್ದು ಹೋದರೆ ಠರಾವು ಒಂದು ವರ್ಷ ಮುಂದಕ್ಕೆ. ನಾನು ಮೈಕ್ ಹಿಡಿದು, ಗರಿಗರಿತನ ಎಂಬುದು ಕೇವಲ ನಾಲಿಗೆಯ ಅಭ್ಯಾಸ ಎಂಬ ವಾದ ಆರಂಭಿಸಿದೆ. ಇನ್ನಷ್ಟು ಛತ್ರಿ ಬಿಚ್ಚಿಕೊಂಡವು.

ಗಿರಿಜಕ್ಕ ಬಂದು ನನ್ನ ಮೊಣಕೈ ಜಗ್ಗಿದರು. “ಮೇಡಮ್, ಮೈಕ್ ಅಲ್ಲಿಡ್ರಿ. ಬಂದು ಈರುಳ್ಳಿ ಹೆಚ್ಚ್ರಿ.” ಆಮೇಲೆ ಸಭೆಯತ್ತ ತಿರುಗಿ, “ಯಪ್ಪಾ, ಎಲ್ರೂ ಕೂಡ್ರಿ. ಒಗ್ಗರಣಿ ಹಾಕ್ತೀನಿ” ಎಂದರು.

ಭೂಮಿಯ ಭವಿಷ್ಯ ಮಾಡಲಾಗದ್ದನ್ನು ಒಗ್ಗರಣೆ ಮಾಡಿತು. ಜನ ಕೂತರು.

ಹಿತ್ತಲ ಒಲೆಯ ಬಳಿ ಗಿರಿಜಕ್ಕ ಮಂಡಕ್ಕಿಯನ್ನು ನೀರಿಗೆ ಸುರಿದರು.

“ಅಕ್ಕಾ, ಮೆತ್ತಗಾಗಿದ್ದನ್ನ ಮತ್ತೆ ನೀರಿಗೆ ಹಾಕ್ತೀರಾ?”

“ಒಗ್ಗರಣಿ ಮಂಡಕ್ಕಿ ಇನ್ ಹೆಂಗೆ ಮಾಡ್ತಾರ? ನೀವು ದಾವಣಗೆರೆಯೋರು ಹೌದಲ್ರಿ?”

ಹುಟ್ಟೂರನ್ನು ಸಾಬೀತುಪಡಿಸಲು ಆ ಕ್ಷಣ ನನ್ನ ಬಳಿ ಏನೂ ಇರಲಿಲ್ಲ. ಈರುಳ್ಳಿ ಹೆಚ್ಚಿದೆ.

ಮುತ್ತುಗದೆಲೆಯ ಮೇಲೆ ಬಿಸಿಬಿಸಿ ಒಗ್ಗರಣೆ ಮಂಡಕ್ಕಿ ಬಂತು. ದಿಂಬಿನ ಮಾತಾಡಿದ ಹಿರಿಯರು ಎರಡು ಸಲ ಹಾಕಿಸಿಕೊಂಡರು. ಠರಾವಿಗೆ ಒಪ್ಪಿಗೆಯೇ ಎಂದು ಕೇಳಿದಾಗ ಬಾಯಿ ತುಂಬಿದ್ದರಿಂದ ಬರೀ ಕೈ ಎತ್ತಿದರು. ಠರಾವು ಪಾಸಾಯಿತು.

ಪಾಸಾದ ಠರಾವು ಬದುಕಿ ಉಳಿಯುವುದು ಬೇರೆ ಮಾತು. ಅದನ್ನೂ ಗಿರಿಜಕ್ಕನೇ ನೋಡಿಕೊಂಡರು. ಈಗ ಕಂಪನಿಯ ಕಾರ್ಯಕ್ರಮಕ್ಕೆಲ್ಲ ಭಟ್ಟಿಯಿಂದ ಗಟ್ಟಿ ಮುಚ್ಚಳದ ತಗಡಿನ ಡಬ್ಬಿಗಳಲ್ಲಿ ಗರಿಗರಿ ಮಂಡಕ್ಕಿ ಬರುತ್ತದೆ, ಖಾಲಿ ಡಬ್ಬಿ ಬಸ್ಸಿನಲ್ಲಿ ದಾವಣಗೆರೆಗೆ ವಾಪಸ್ ಹೋಗುತ್ತದೆ. ಹೊರುವವರು ಯಾರು ಎಂಬುದನ್ನೂ ಅವರೇ ನಿರ್ಧರಿಸಿದರು. ಕಚೇರಿಯಿಂದ ದಾವಣಗೆರೆಗೆ ಹೋಗುವವಳು ನಾನೊಬ್ಬಳೇ.

ಒಂದು ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಆ ದಿನ ಈರುಳ್ಳಿ, ಹಸಿಮೆಣಸಿನಕಾಯಿ, ಪುಟಾಣಿ ಹಿಟ್ಟು ಯಾವುದಕ್ಕೂ ಯಾರೂ ಅಂಗಡಿಗೆ ಓಡಿರಲಿಲ್ಲ. ಎಲ್ಲವನ್ನೂ ಗಿರಿಜಕ್ಕ ಬೆಳಿಗ್ಗೆಯೇ ಮನೆಯಿಂದ ಹೊತ್ತು ತಂದಿದ್ದರು. ಮೊನ್ನೆ ಡಬ್ಬಿಗಳನ್ನು ಎತ್ತಿಕೊಳ್ಳುತ್ತ ಕೇಳಿಯೇಬಿಟ್ಟೆ:

“ಅಕ್ಕಾ, ನಿಜ ಹೇಳ್ರಿ, ನನ್ನ ಮೂವತ್ತು ನಿಮಿಷದ ಭಾಷಣದಾಗೆ ಎಷ್ಟನೇ ನಿಮಿಷಕ್ಕೆ ನಿಮಗೆ ಈರುಳ್ಳಿ ನೆನಪಾತು?”